ಹೊರಸಿನಿಂದ ಕೆಳಗೆ

ಸಾವು ಯಾವ ವಾರ ಬರುತ್ತದೆ ಎಂದು ಮೊದಲೇ ಗೊತ್ತಾಗಿಬಿಟ್ಟರೆ ಮನುಷ್ಯ ಏನು ಮಾಡುತ್ತಾನೆ? ಹಳೆಯ ಜಗಳ ಮರೆಯುತ್ತಾನೆ, ದೇವರನ್ನು ನೆನೆಯುತ್ತಾನೆ, ಹತ್ತಿರದವರು ಕೈ ಹಿಡಿದು ಕೂರುತ್ತಾರೆ ಎಂದು ಆ ಯಂತ್ರ ಬಂದ ಹೊಸತರಲ್ಲಿ ದೊಡ್ಡ ದೊಡ್ಡವರೆಲ್ಲ ಭಾಷಣ ಬಿಗಿದಿದ್ದರು. ಬರೀ ಸುಳ್ಳು. ಏನು ಮಾಡುತ್ತಾನೆಂದು ಬೆಟಗೇರಿಯ ನಮ್ಮ ಮನೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಪಂಚಾಂಗ ತೆಗೆಯುತ್ತಾನೆ.

ನಮ್ಮ ಮನೆ ಎಂದೆನಲ್ಲ, ಅದು ನನ್ನ ಹೆಂಡತಿಯ ಮನೆ. ನಾನು ಮನೆಅಳಿಯ. ಮನೆಅಳಿಯನಿಗೆ ನಾಚಿಕೆ ಕಡಿಮೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆ ಮಾತು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮ ಸೀರೆ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಹೆಂಡತಿ ಶಾಲ್ಮಲಾ ಧಾರವಾಡದ ಆಯುಸ್ಸೂಚಿ ಕೇಂದ್ರದ ಮುಖ್ಯಸ್ಥೆ. ಅವಳ ತಾಯಿ ಅಶ್ವಿನಿ ಅತ್ತೆಯವರಿಗೆ ಎಂಬತ್ತೈದು. ಅಶ್ವಿನಿ ಅತ್ತೆಯವರ ಅತ್ತೆ ಬನವ್ವನಿಗೆ ನೂರೊಂಬತ್ತು. ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತೇವೆ. ನೂರು ದಾಟಿದವರು ಓಣಿಗೆ ನಾಲ್ಕು ಮಂದಿ ಸಿಗುವ ಕಾಲ ಇದು. ಮೊಣಕಾಲು ಹಿಡಿದುಕೊಂಡು ಏಳುವ ಸೊಸೆ, ಏಳಲಾಗದ ಅತ್ತೆಗೆ ಗಂಜಿ ಕುಡಿಸುವುದು ಯಾರಿಗೂ ವಿಚಿತ್ರವಲ್ಲ. ಅಶ್ವಿನಿ ಅತ್ತೆ ಆಯಿಯ ಗಂಜಿಯನ್ನು ಬೇರೆ ಯಾರ ಕೈಗೂ ಬಿಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಇನ್ನು ಯಂತ್ರದ ಮಾತು. ಸರ್ಕಾರಿ ಹೆಸರು ಆಯುಸ್ಸೂಚಿ, ಮಂದಿ ಕರೆಯುವುದು ಎಮನ ಬಳೆ. ಎಂಬತ್ತು ದಾಟಿದವರ ಕೈಗೆಲ್ಲ ಹಾಕುತ್ತಾರೆ. ಕೆಮ್ಮು ಬಂದರೆ, ಬೆಚ್ಚಿದರೆ, ಎದ್ದು ಕೂತರೆ ನಾಡಿ ಏರುತ್ತದೆ, ಆಮೇಲೆ ತನ್ನ ಹದಕ್ಕೆ ಮರಳುತ್ತದೆ. ಎಳೆಯರಲ್ಲಿ ಬೇಗ, ಮುಪ್ಪಿನಲ್ಲಿ ತಡ. ಹೀಗೆ ಮರಳಲು ಹಿಡಿಯುವ ಹೊತ್ತನ್ನು ಬಳೆ ಹಗಲಿರುಳೂ ಅಳೆಯುತ್ತದೆ. ಆ ಹೊತ್ತು ಒಂದು ಗೆರೆ ದಾಟಿತೋ, ಬಿದ್ದ ದೇಹ ಇನ್ನು ಏಳುವುದಿಲ್ಲವೆಂದು ಅರ್ಥ. ಕೇಂದ್ರದ ಗೋಡೆಯ ಮೇಲೆ ಆ ಜೀವದ ಹಸಿರು ದೀಪ ಕೇಸರಿಯಾಗುತ್ತದೆ, ಮನೆಯವರ ಫೋನಿಗೆ ಸೂಚನೆ ಬರುತ್ತದೆ: ಒಂದು ವಾರದೊಳಗೆ. ಬಳೆ ಹೇಳಿದ್ದು ತಪ್ಪಿದ್ದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ.

ಆಯಿಗೆ ಒಂದು ನೆಗಡಿಯಾಯಿತು. ನಾಲ್ಕನೆಯ ದಿನ ಸೂಚನೆ ಬಂತು.

ಆಗ ನಮ್ಮ ಮಗಳು ತನ್ಮಯಿಯ ಲಗ್ನ ಗೊತ್ತಾಗಿತ್ತು. ಕಲ್ಯಾಣಮಂಟಪ ಹಿಡಿದಾಗಿತ್ತು, ಬೀಗರ ಸೀರೆಗಳನ್ನು ನಮ್ಮ ಅಂಗಡಿಯಲ್ಲೇ ಬೇರೆ ತೆಗೆದಿಟ್ಟಾಗಿತ್ತು. ಆ ಮುಹೂರ್ತ ತಪ್ಪಿದರೆ ಆಷಾಢ. ನಾನು ಫೋನು ಹಿಡಿದು ಸೂಚನೆ ಓದಿ ಹೇಳಿದಾಗ ಅಶ್ವಿನಿ ಅತ್ತೆ ಆಯಿ ಮಲಗಿದ್ದ ಹೊರಸಿನ ಕಾಲುದೆಸೆಯಲ್ಲಿ ಕೂತಿದ್ದರು. ಕಣ್ಣೊರೆಸಿಕೊಂಡರು. ಆಮೇಲೆ ಬೆರಳು ಮಡಚತೊಡಗಿದರು.

"ಅಳ್ಯಾರ, ಈ ವಾರದಾಗ ಆತಂದ್ರ ಸೂತಕ ಕಳದು, ದಿನಾ ಮಾಡಿ, ಮನಿ ತೊಳದು, ಆಮ್ಯಾಲೂ ಲಗ್ನಕ್ಕ ದಿನಾ ಉಳೀತಾವು. ನೋಡ್ರಿ, ಪಂಚಾಂಗ ತಗದ ನೋಡ್ರಿ ಒಮ್ಮೆ."

ನೋಡಿದೆ. ಸರಿಯಾಗಿ ಹೊಂದುತ್ತಿತ್ತು. "ಹೊಂದತೈತ್ರಿ" ಎಂದೆ. ನನ್ನ ದನಿಯಲ್ಲಿ ಸಮಾಧಾನವಿತ್ತು. ಥೂ, ಇತ್ತು.

ಆಯಿಗೆ ಕಿವಿ ಮಂದ ಎಂದು ನಾವು ತಿಳಿದಿದ್ದೆವು.

ಹೊರಸಿನ ಮೇಲೆ ಜೀವ ಹೋಗಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಿಂದೆ ಕಡೆಯ ಉಸಿರು ಎಳೆಯುವಾಗ ಗಡಿಬಿಡಿಯಲ್ಲಿ ಕೆಳಗಿಳಿಸುತ್ತಿದ್ದರು. ಬಳೆ ಬಂದ ಮೇಲೆ ಗಡಿಬಿಡಿ ಯಾಕೆ? ಸೂಚನೆ ಬಂದ ದಿನವೇ ಇಳಿಸುವುದು ರೂಢಿಯಾಯಿತು. ಇಳಿಸಿದ ಮೇಲೆ ಗಂಜಿ ಕೊಡುವುದಿಲ್ಲ. ಹೊಟ್ಟೆ ತುಂಬಿದ್ದರೆ ಜೀವ ಹೊರಡಲು ಒದ್ದಾಡುತ್ತದೆ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಡಾಕ್ಟರರೂ ಸೂಚನೆ ನೋಡಿದ ಕೂಡಲೇ ಸಲಾಯಿನ್ ಬಿಚ್ಚುತ್ತಿದ್ದರು. ಹೋಗುವವರನ್ನು ಹಿಡಿದು ಯಾಕೆ ಕಾಡಿಸಬೇಕು?

ಆಯಿಯ ಹೆಗಲು ಹಿಡಿದವನು ನಾನು, ಕಾಲು ಹಿಡಿದವಳು ಧಾರವಾಡದಿಂದ ಬಂದ ಶಾಲ್ಮಲಾ. ಶಹಾಬಾದು ಕಲ್ಲಿನ ನೆಲದ ಮೇಲೆ ಒಂದು ಕಂಬಳಿ ಹಾಸಿ ಮಲಗಿಸಿದೆವು. ಒಣಗಿದ ಹತ್ತಿಕಟ್ಟಿಗೆಯ ಭಾರವೂ ಇರಲಿಲ್ಲ ಆಕೆ.

"ಯಾಕ ಇಳಸಿದ್ರಿ?" ಎಂದು ಆಯಿ ಕೇಳಿದಳು.

ಆಕೆ ನಮ್ಮ ಮುಖ ನೋಡಿದಳು, ಕೈಯ ಬಳೆ ನೋಡಿಕೊಂಡಳು. "ಹೌದೇನು? ಆತು ಬಿಡ್ರಿ" ಎಂದು ಗೋಡೆ ಕಡೆ ಹೊರಳಿದಳು. ಶಾಲ್ಮಲಾ ಒಂದು ಚಮಚ ಹಾಲು ಬಾಯಿಗೆ ಬಿಟ್ಟು, ಕಾಲಿಗೆ ಹಣೆ ಹಚ್ಚಿ, ಅತ್ತು, ಸಂಜೆಯ ರೈಲಿಗೆ ಡ್ಯೂಟಿಗೆ ಹೋದಳು. ಆದ ಮೇಲೆ ಬರುತ್ತೇನೆ ಅಂದಳು.

ಆಮೇಲೆ ಬಳಗ ಬಂತು. ನಮ್ಮದು ಬೆಟಗೇರಿ, ಗಜೇಂದ್ರಗಡ, ಇಳಕಲ್ಲು, ಗುಳೇದಗುಡ್ಡದವರೆಗೆ ಹಬ್ಬಿದ ನೇಕಾರರ ಬಳಗ. ನೂರೊಂಬತ್ತು ವರ್ಷದಲ್ಲಿ ಆಯಿ ಹಿಡಿಯದ ಬಾಣಂತನವಿಲ್ಲ, ಕೊಡದ ಮದ್ದಿಲ್ಲ. ಸಾಲುಗಟ್ಟಿ ಬಂದರು. ಒಬ್ಬೊಬ್ಬರೂ ಬಾಗಿ ಒಂದು ಚಮಚ ಹಾಲು ಬಾಯಿಗೆ ಬಿಟ್ಟು ಹಿಂದೆ ಸರಿದರು. ಅಡುಗೆಮನೆಯಲ್ಲಿ ಹಾಲು ಸಾಲದೆ ಮತ್ತೆ ಮತ್ತೆ ತರಿಸಬೇಕಾಯಿತು.

ವಾರ ಮುಗಿಯಿತು. ಆಯಿ ಹೋಗಲಿಲ್ಲ.

ಬಂದವರು ಮೊದಲು ಪಿಸುಗುಟ್ಟಿದರು, ಆಮೇಲೆ ಪಿಸುಗುಟ್ಟುವುದನ್ನೂ ಬಿಟ್ಟರು. "ಏನರ ಆಸೆ ಉಳದೈತೇನೋ ಕೇಳ್ರಿ" ಎಂದು ಒಬ್ಬರು. "ಗಟ್ಟಿ ಜೀವ ಅದು, ಊರು ಹೋಗು ಅಂದ್ರೂ ಕಾಡು ಬಾ ಅನ್ನವಲ್ದು" ಎಂದು ಇನ್ನೊಬ್ಬರು. ಅಂಗಡಿ ಮುಚ್ಚಿಕೊಂಡು ಬಂದವರು, ರಜೆ ಹಾಕಿ ಬಂದವರು ಗಡಿಯಾರ ನೋಡಿಕೊಳ್ಳತೊಡಗಿದರು. ಇಳಕಲ್ಲಿನಿಂದ ಎರಡನೆಯ ಸಲ ಬಂದ ಒಬ್ಬ ಹಿರಿಯರಿಗೆ ಆಯಿ ನೆಲದ ಮೇಲಿಂದಲೇ ಕೈ ಮುಗಿದಳು.

"ತಮ್ಮಾ, ಮತ್ತೊಮ್ಮೆ ಬರೂ ಹಂಗಾತು ನಿನಗ. ಹೋಗವಲ್ದು ನೋಡಪಾ ಇದು. ನನಗ ನಾಚಿಕಿ ಬರಾಕತ್ತೈತಿ."

ನಾನು ಬಾಗಿಲಲ್ಲಿ ನಿಂತಿದ್ದೆ. ನಾಚಿಕೆ ನನಗೆ ಬರಬೇಕಿತ್ತು. ಬಂದದ್ದು ಸಿಟ್ಟು, ಆಯಿಯ ಮೇಲಲ್ಲ, ಬಳೆಯ ಮೇಲೆ. ಹೇಳಿದ ಮಾತಿನಂತೆ ನಡೆದುಕೊಳ್ಳಲಾಗದ ಯಂತ್ರ ಯಾತಕ್ಕೆ? ಅಶ್ವಿನಿ ಅತ್ತೆ ಒಳಗೆ ಕರೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು:

"ಅಳ್ಯಾರ, ನೀವರ ಧಾರವಾಡಕ್ಕ ಹೋಗಿ ಶಾಲೂನ್ನ ಕೇಳ್ಕೊಂಡ ಬರ್ರಿ. ಫೋನಿನ್ಯಾಗ ಇಂಥಾದ್ದು ಕೇಳಾಕ ಆಗೂದಿಲ್ಲ. ಇನ್ನೂ ಎಷ್ಟ ದಿನಾ ಅಂತ ಕೇಳ್ರಿ. ಬೀಗರು ಕೇಳಾಕತ್ತಾರ."

ಇಂಥ ಕೆಲಸಕ್ಕೂ ಒಬ್ಬ ಮನುಷ್ಯ ರೈಲು ಹತ್ತುತ್ತಾನೆ. ನಾನು ಹತ್ತಿದೆ.

ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆ ತುಂಬ ದೀಪಗಳು. ಒಂದೊಂದು ದೀಪ ಒಂದೊಂದು ಜೀವ. ಹಸಿರು ದೀಪಗಳ ನಡುವೆ ಅಲ್ಲಲ್ಲಿ ಕೇಸರಿ. ನಾನು ನೋಡುತ್ತಿದ್ದಂತೆಯೇ ಒಂದು ಕೇಸರಿ ಆರಿತು, ಯಾರೂ ತಲೆಯೆತ್ತಲಿಲ್ಲ. ಶಾಲ್ಮಲಾ ನನ್ನನ್ನು ಕಂಡು ಧಡಕ್ಕನೆ ಎದ್ದಳು.

"ಆತಾ?"

"ಇಲ್ಲ. ಯಾಕ ಆಗವಲ್ದು ಅಂತ ಕೇಳಾಕ ಬಂದೀನಿ."

ಅವಳು ಕೂತಳು. ತನಗೂ ನಿದ್ದೆಯಿಲ್ಲ ಎಂದಳು. ಆಯಿಯ ದೀಪವನ್ನು ಬೆರಳಿನಿಂದ ತೋರಿಸಿದಳು. ಗಡುವು ದಾಟಿ ಉರಿಯುತ್ತಿದ್ದ ಆ ದೀಪವನ್ನು ಇಡೀ ಕೇಂದ್ರ ನೋಡುತ್ತಿತ್ತಂತೆ. ಹತ್ತು ವರ್ಷದ ಹಿಂದೆ ಇವಳಿಗೆ ದೊಡ್ಡ ಹೆಸರು ಬಂದದ್ದೇ ಇಂಥ ಅತಿ ಹಿರಿಯರ ಲೆಕ್ಕದಿಂದ. ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ವಯಸ್ಸು ಏರಿದಂತೆ ಸಾಯುವ ಸಂಭವ ವರ್ಷ ವರ್ಷವೂ ಏರುತ್ತದೆ, ಅದು ಎಲ್ಲರಿಗೂ ಗೊತ್ತು. ನೂರೈದರ ಆಸುಪಾಸಿನಲ್ಲಿ ಆ ಏರಿಕೆ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಪ್ರತಿ ವರ್ಷವೂ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ ಎಂದು ಹಿಂದಿನ ವಿಜ್ಞಾನಿಗಳಲ್ಲಿ ಕೆಲವರು ಹೇಳುತ್ತಿದ್ದರು. ಬಳೆಯ ಲೆಕ್ಕ ಬಂದ ಮೇಲೆ ನೋಡಿದರೆ ಆ ಸಾವಿನ ಗೆರೆ ನಿಂತಿರಲಿಲ್ಲ, ಏರುತ್ತಲೇ ಹೋಗಿತ್ತು. ಹಿಂದಿನವರದು ತಪ್ಪು ಎಂದು ಶಾಲ್ಮಲಾ ತೋರಿಸಿಕೊಟ್ಟಳು. ಅದಕ್ಕೇ ಅವಳಿಗೆ ಶಾಲು ಹೊದಿಸಿದ್ದು, ಈ ಕುರ್ಚಿ ಸಿಕ್ಕಿದ್ದು.

"ಗಂಜಿ ನಿಲ್ಲಿಸೀರಿಲ್ಲೋ?" ಎಂದು ಕೇಳಿದಳು. ಹೆಂಡತಿಯಾಗಿ ಅಲ್ಲ, ಮುಖ್ಯಸ್ಥೆಯಾಗಿ ಕೇಳಿದಳು.

"ಅವತ್ತ ನಿಲ್ಲಿಸೇವಿ. ಬರೇ ಹಾಲು. ಬಂದ ಬಂದವರು ಒಂದೊಂದು ಚಮಚ ಬಿಡ್ತಾರಲ್ಲ, ಅಷ್ಟ. ಅದಕ್ಕೂ ಲೆಕ್ಕ ಇಲ್ಲ ನೋಡು. ಓಣಿಗೆ ಓಣಿ ಬಂದೈತಿ, ಇಳಕಲ್ಲಿನವರು ಎರಡೆರಡು ಸಲ ಬಂದಾರ. ಮುಂಜಾನಿಂದ ಸಂಜಿ ತನಕ ಹಾಲು ಕಾಸೂದ ಕೆಲಸ ಆಗೇತಿ ನಮಗ." ನಾನು ಬೇಸರದಿಂದಲೇ ಹೇಳಿದೆ.

ಶಾಲ್ಮಲಾ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಏನೋ ಗುಣಿಸಿದಳು.

"ರೀ, ಆಕಿ ಊಟಾ ಮಾಡಾಕತ್ತಾಳ" ಎಂದಳು.

"ಏನಂದಿ?"

"ಚಮಚ ಚಮಚ ಅಂತ ದಿನಾ ಒಂದ ಲೀಟರ್ ಹಾಲು ಆಗ್ತೈತಿ. ಬಳಗ ದೊಡ್ಡದೈತಿ ಅಂತ ಆಯಿ ಉಳದಾಳ. ಸಣ್ಣ ಬಳಗದವರ ಗತಿ?"

ಅಲ್ಲಿಂದ ಮುಂದೆ ಅವಳು ನನ್ನ ಜೊತೆ ಮಾತಾಡಲಿಲ್ಲ, ಯಂತ್ರದ ಜೊತೆಯೇ ಮಾತಾಡಿದಳು. ನೂರೈದು ದಾಟಿ ಸೂಚನೆ ಬಂದವರನ್ನೆಲ್ಲ ಪರದೆಗೆ ತರಿಸಿದಳು. ಬಹುತೇಕ ಎಲ್ಲರೂ ವಾರದೊಳಗೆ ಆರಿದ್ದರು. ಉಳಿದವರನ್ನು ಮಾತ್ರ ತೋರಿಸು ಎಂದಳು. ಒಂದು ಹಿಡಿ ದೀಪ ಉಳಿದವು. ಯಂತ್ರ ಅವುಗಳನ್ನು ಬಳೆ ಕೆಟ್ಟಿದೆ ಎಂಬ ಗುಂಪಿಗೆ ಹಾಕಿತ್ತು, ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರಲ್ಲಿ ಕೆಲವರು ಸೂಚನೆ ಬಂದ ಮೇಲೆ ವರ್ಷಗಟ್ಟಲೆ ಬದುಕಿದ್ದರು, ಇನ್ನೂ ಬದುಕಿದ್ದರು.

"ಇವರೆಲ್ಲಾ ಯಾರು?" ಎಂದೆ.

"ಯಾರೂ ಇಲ್ಲದವರು. ಆಶ್ರಮದಾಗ ಇದ್ದವರು. ಮಕ್ಕಳಿಲ್ಲ, ಮರಿ ಇಲ್ಲ. ಸೂಚನಾ ಕಳಸಾಕ ನಂಬರ ಇರಲಿಲ್ಲ." ಅವಳ ದನಿ ಸಣ್ಣದಾಯಿತು. "ಯಾರಿಗೂ ಗೊತ್ತಾಗಲಿಲ್ಲ. ದಿನದಂಗ ಗಂಜಿ ಕೊಟ್ಟಾರ."

ಆಮೇಲೆ ಅವಳು ನನಗೆ ಬಿಡಿಸಿ ಹೇಳಿದಳು. ಬಳೆಯನ್ನು ಪರೀಕ್ಷೆ ಮಾಡಿದ್ದು ತೊಂಬತ್ತರ ಆಸುಪಾಸಿನವರ ಮೇಲೆ. ಅವರಲ್ಲಿ ಆ ಗೆರೆ ದಾಟಿದರೆ ಮುಂದೆ ಇಳಿಜಾರು, ಅದು ನಿಜ. ನೂರೈದು ಕಳೆದವರು ಬೇರೆಯೇ. ಒಂದು ನೆಗಡಿ ಬಂದರೂ ಗೆರೆ ದಾಟಿ ಆಚೆ ಹೋಗುತ್ತಾರೆ, ವಾರಗಟ್ಟಲೆ ಆಚೆಯೇ ಇರುತ್ತಾರೆ, ನಿಧಾನವಾಗಿ ಈಚೆ ಬರುತ್ತಾರೆ. ಬರುವ ತನಕ ಬೆಚ್ಚಗೆ ಇಟ್ಟು ಹೊಟ್ಟೆಗೆ ಕೊಟ್ಟರೆ ಸಾಕು. ನಾವು ತಣ್ಣನೆಯ ಕಲ್ಲಿನ ಮೇಲೆ ಮಲಗಿಸಿ ಗಂಜಿ ನಿಲ್ಲಿಸಿದೆವು. ಬಳೆ ಹೇಳಿದ್ದನ್ನು ನಾವೇ ನಿಜ ಮಾಡಿದೆವು, ಆ ನಿಜವನ್ನೇ ಲೆಕ್ಕಕ್ಕೆ ಹಿಡಿದು ಬಳೆ ತಪ್ಪುವುದಿಲ್ಲ ಎಂದು ಕುಣಿದೆವು.

"ಹಿಂದಿನವರು ಹೇಳಿದ್ದು ಖರೇ ಇತ್ತು" ಎಂದಳು. "ಸಾವಿನ ಗೆರಿ ನಿಂತಿತ್ತು. ಅದನ್ನ ಏರಿಸಿದವರು ನಾವು." ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ರೀ, ನಾ ಶಾಲು ಹೊದ್ದುಕೊಂಡು ಬಂದೀನಿ ಇದಕ್ಕ."

ಸಮಾಧಾನ ಹೇಳಲು ನಾನು ಯಾರು? ಎಷ್ಟು ದಿನ ಎಂದು ಕೇಳಲು ಬಂದವನು ನಾನು.

ಮೇಲಿನವರನ್ನು ಕೇಳದೆ ಅವಳೇ ಸುದ್ದಿ ಕಳಿಸಿದಳು. ಆ ಹೊತ್ತಿಗೆ ಕೇಸರಿಯಾಗಿದ್ದ ನೂರೈದು ದಾಟಿದವರ ಮನೆಗಳಿಗೆಲ್ಲ ಒಂದೇ ಸಾಲು: ಸೂಚನೆ ತಪ್ಪು, ಹಾಸಿಗೆಯ ಮೇಲೆ ಮಲಗಿಸಿ, ಗಂಜಿ ಕೊಡಿ. ಕೆಳಗೆ ತನ್ನ ಹೆಸರು, ಫೋನ್ ನಂಬರು ಹಾಕಿದಳು. ಯಾಕೆ ಹಾಕಿದೆ ಎಂದರೆ, ಬೈಯಬೇಕು ಅಂದವರಿಗೆ ಯಾರಾದರೂ ಸಿಗಬೇಕಲ್ಲ ಎಂದಳು.

ಸಿಕ್ಕಳು. ಒಬ್ಬ "ಮಂದಿ ಎಲ್ಲಾ ಬಂದ ಕುಂತಾರ, ಈಗ ಏನಂತ ಹೇಳ್ಲಿ?" ಎಂದು ರೇಗಿದ. ಒಬ್ಬಳು ಬಿಕ್ಕಿ ಬಿಕ್ಕಿ ಅತ್ತು "ದೇವರಂಥವರು ನೀವು" ಎಂದಳು. ಆ ಮಾತಿಗೆ ಶಾಲ್ಮಲಾ ಹಾವು ಮುಟ್ಟಿದವಳಂತೆ ಫೋನು ಇಟ್ಟಳು. ಆಮೇಲೆ ನವಲಗುಂದದ ಕಡೆಯಿಂದ ಒಬ್ಬರು ಮಾತಾಡಿದರು. ವಯಸ್ಸಾದ ದನಿ, ಎಪ್ಪತ್ತೆಂಬತ್ತರವರಿರಬೇಕು.

"ಅಕ್ಕಾರ, ನಮ್ಮಪ್ಪ ಇವತ್ತ ಮುಂಜಾನೆ ಹ್ವಾದ್ರು" ಎಂದರು. ಸಿಟ್ಟಿಲ್ಲ, ಗದ್ದಲವಿಲ್ಲ. "ಗಂಜಿ ಕೊಡ್ರಿ ಅಂತ ಈಗ ಬರದೀರಿ. ನಿನ್ನಿ ಕೇಳಿದ್ರರೀ ಅವರು. ಒಂದೀಟು ಗಂಜಿ ಕೊಡೋ ಅಂದ್ರು. ಸೂಚನಾ ಬಂದೈತೆಪ್ಪಾ, ಬ್ಯಾಡ ಅಂದ್ನಿ. ಹೌದಾ ಅಂತ ಸುಮ್ಮನಾದ್ರು. ನಾ ಈಗ ಏನ್ ಮಾಡ್ಲಿರಿ?"

ಅವರೂ ಫೋನು ಇಡಲಿಲ್ಲ, ಶಾಲ್ಮಲಾಳೂ ಇಡಲಿಲ್ಲ. ಹಿಂದೆ ಅವರ ಮನೆಯಲ್ಲಿ ಭಜನೆಯ ತಾಳ ಕೇಳಿಸುತ್ತಿತ್ತು. ನನಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

ಸಿಕ್ಕ ಮೊದಲ ರೈಲು ಹಿಡಿದು ಇಬ್ಬರೂ ಗದಗದಲ್ಲಿ ಇಳಿದು ಮನೆಗೆ ಬಂದೆವು. ಮನೆ ಹೊಕ್ಕವಳೇ ಶಾಲ್ಮಲಾ ಬಂದ ಬಳಗವನ್ನೆಲ್ಲ ಹೊರಗೆ ಕಳಿಸಿದಳು. ತಾಯಿಗೆ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅಶ್ವಿನಿ ಅತ್ತೆ ಒಲೆಯ ಮುಂದೆ ಹೋಗಿ ಜೋಳದ ನುಚ್ಚು ಬೇಯಲು ಇಟ್ಟರು. ನಾನು ಹೆಗಲು ಹಿಡಿದೆ, ಅವಳು ಕಾಲು ಹಿಡಿದಳು. ಆಯಿಯನ್ನು ಮತ್ತೆ ಹೊರಸಿಗೆ ಏರಿಸಿದೆವು. ಕಲ್ಲಿನ ತಂಡಿ ಬೆನ್ನಿಗೆ ಅಂಟಿತ್ತು. ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ.

"ಮತ್ಯಾಕ ಏರಿಸಿದ್ರಿ?" ಎಂದಳು ಆಯಿ.

"ಆಯಿ, ಬಳಿ ತಪ್ಪ ಹೇಳಿತ್ತು. ತಪ್ಪ ನಂದು" ಎಂದು ಶಾಲ್ಮಲಾ ಗಂಜಿಯ ಚಮಚ ಬಾಯಿಗೆ ಒಯ್ದಳು. "ಬಾಯಿ ತಗಿ, ನಮ್ಮವ್ವಾ."

ಆಯಿ ತುಟಿ ಬಿಗಿದಳು. ಚಮಚವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಬ್ಯಾಡವಾ. ನನಗ ಸಮಾಧಾನ ಮಾಡಾಕ ಹೇಳ್ತಿ. ಯಾರ ಬಳೀನೂ ತಪ್ಪಿಲ್ಲ, ನಂದ್ಯಾಕ ತಪ್ಪತೈತಿ? ಹಾಲಿಗೆ ಬಾಯಿ ತಗದ ನಾನಾ ತಪ್ಪು ಮಾಡೀನಿ. ಹಸಿವು ಆಗ್ತಿತ್ತು, ಬಂದವರು ಬಿಟ್ಟಾಗ ನುಂಗಿಬಿಟ್ಟೆ. ಉಗುಳಬೇಕಿತ್ತು."

ಶಾಲ್ಮಲಾ ಅಳತೊಡಗಿದಳು. ಏನಾದರೂ ಹೇಳಬೇಕೆಂದು ನಾನು ಬಾಯಿ ಹಾಕಿದೆ. "ಹಂಗಲ್ಲ ಆಯಿ. ನೀವು ಉಣ್ರಿ. ಬೇಕಂದ್ರ ಲಗ್ನ ಶ್ರಾವಣಕ್ಕ ಇಟ್ಕೊಳ್ಳೋಣ."

"ಮುಂದ ಹಾಕಬ್ಯಾಡ್ರಿ ಅಳಿಯಪ್ಪಾ. ಕೂಸಿಗೆ ಬ್ಯಾಸರ ಆಗ್ತೈತಿ. ಇವತ್ತ ನಾಳ್ಯಾಗ ಹೋದ್ರೂ ಇನ್ನೂ ಹೊಂದತೈತಿ. ನಾನೂ ಎಣಿಸೇನಿ." ಆಯಿ ಕೌದಿಯೊಳಗಿಂದ ಕೈ ತೆಗೆದು ಬೆರಳು ಮಡಚಿ ತೋರಿಸಿದಳು. ಅಶ್ವಿನಿ ಅತ್ತೆ ಎಣಿಸಿದ ಹಾಗೆಯೇ ಎಣಿಸಿದಳು. ಸೂತಕ, ದಿನ ಮಾಡುವುದು, ಮನೆ ತೊಳೆಯುವುದು, ಲಗ್ನ. ಒಂದನ್ನೂ ಬಿಡಲಿಲ್ಲ. ಆಕೆಗೆ ಕಿವಿ ಮಂದ ಎಂದು ನಮಗೆ ಹೇಳಿದವರು ಯಾರು?

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಶ್ವಿನಿ ಅತ್ತೆ ಮೊಣಕಾಲು ಹಿಡಿದುಕೊಂಡು ಬಂದು ಹೊರಸಿನ ಪಕ್ಕ ನೆಲದ ಮೇಲೆ ಕೂತರು. ಆಯಿ ಮಲಗಿದ್ದ ಜಾಗದಲ್ಲೇ ಕೂತರು. ಮಗಳ ಕೈಯಿಂದ ಗಂಜಿಯ ಬಟ್ಟಲು ಇಸಿದುಕೊಂಡರು.

"ಅತ್ತ್ಯಾರ, ಎಣಿಸಿದಾಕಿ ನಾನು. ನಿಮ್ಮ ಕಾಲದೆಸಿ ಕುಂತ ಎಣಿಸಿದ್ನಿ. ಗಂಜಿ ನಿಲ್ಲಿಸೂಣು ಅಂದಾಕೀನೂ ನಾನಾ. ನನ್ನ ಕೈ ಸೇದಿ ಹೋಗ್ಲಿ. ನೀವು ಉಣಲಿಲ್ಲಂದ್ರ ನಾನೂ ಉಣ್ಣೂದಿಲ್ಲ." ಎಂಬತ್ತೈದರ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಬಾಯಿ ಬಿಟ್ಟು ಅತ್ತರು.

ಆಯಿ ಕೈ ಚಾಚಿ ಸೊಸೆಯ ಬಿಳಿ ತಲೆಯ ಮೇಲೆ ಇಟ್ಟಳು.

"ಅದಕ್ಯಾಕ ಅಳ್ತೀಯವಾ ಅಶ್ವಿನಿ? ನಮ್ಮತ್ತಿ ಮಲಗಿದಾಗ ನಾನೂ ಎಣಿಸೇನಿ. ಆಗ ನಿನ್ನ ಲಗ್ನ ಗೊತ್ತಾಗಿತ್ತು. ಯಾವತ್ತ ಹೋದ್ರ ಯಾವತ್ತ ಸೂತಕ ಕಳೀತೈತಿ, ಪಂಚಾಂಗ ಹಿಡಕೊಂಡು ಆಕಿ ಎದುರಿಗೇ ಎಣಿಸೇನಿ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಯ್ಯೋ, ಇಷ್ಟೇ ತಾನೇ ಅಂದುಕೊಂಡೆ. ಎಲ್ಲರೂ ಎಣಿಸುವವರೇ, ಎಲ್ಲ ಕಾಲದಲ್ಲೂ ಎಣಿಸಿದವರೇ. ಶಾಲ್ಮಲಾ ಕೂಡ ತಲೆಯೆತ್ತಿದಳು. ಅಶ್ವಿನಿ ಅತ್ತೆ ಕಣ್ಣೊರೆಸಿಕೊಳ್ಳುತ್ತ ಸಣ್ಣಗೆ ನಕ್ಕೂ ಬಿಟ್ಟರು.

"ಆದ್ರ ನಾ ಗಂಜಿ ನಿಲ್ಲಿಸಿರ್ಲಿಲ್ಲ ನೋಡವಾ" ಎಂದಳು ಆಯಿ.

ಬೈಗುಳದಂತೆ ಹೇಳಲಿಲ್ಲ. ಮರೆತದ್ದು ನೆನಪಾಯಿತು ಎಂಬಂತೆ ಹೇಳಿ, ಬಾಯಿ ತೆರೆದಳು. ನಾವು ಮೂವರೂ ಅಲ್ಲೇ ಇದ್ದೆವು. ಬಟ್ಟಲು ಅಶ್ವಿನಿ ಅತ್ತೆಯವರ ಕೈಯಲ್ಲಿತ್ತು, ಚಮಚ ಅದರೊಳಗೇ ಇತ್ತು, ಯಾರಿಗೂ ಅದನ್ನು ಎತ್ತಲಾಗಲಿಲ್ಲ. ಆಯಿ ತುಸು ಹೊತ್ತು ಕಾದಳು. ಆಮೇಲೆ ಕೈ ಚಾಚಿ ಚಮಚ ತಾನೇ ತೆಗೆದುಕೊಂಡಳು.